ಸ್ಪೀಕರ್ ಹತ್ತಿರ ನಿಲ್ಲಬೇಡ ಅಂತ ಹೇಳು

ತಂಗಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ನೋಡಿದೆ. ಕೂಸು ರಜೆಗೆ ಬೆಂಗಳೂರಿಗೆ ಹೋಗುತ್ತಾಳೆ, ಅಲ್ಲಿ ಎಮೋ ಅನ್ನುವ ರಾಕ್ ಹಾಡು ಹಾಡುವವನು ಯಾರದೋ ಶೋಗೆ ಹೋಗಬೇಕಂತೆ, ಅವನ ಫೋಟೋ ನೋಡಿದರೆ ಕಣ್ಣಿಗೂ ಕಪ್ಪು ಉಗುರಿಗೂ ಕಪ್ಪು, ಕಳಿಸಬಹುದಾ ಅಂತ ಕೇಳಿದ್ದೀಯ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಮಾತಾಡಿಯೇ ಹೇಳುತ್ತೇನೆ.

ಕಪ್ಪಿಗೆಲ್ಲ ಹೆದರಬೇಡ. ಯಕ್ಷಗಾನಕ್ಕೆ ಬಣ್ಣ ಹಚ್ಚುವ ಚೌಕಿಯಲ್ಲಿ ನಿನ್ನ ಮಾವ ಮುಖಕ್ಕೆ ಎಷ್ಟು ಬಳಿದುಕೊಳ್ಳುತ್ತಿದ್ದರು, ಬೆಳಿಗ್ಗೆ ಮುಖ ತೊಳೆದು ತೋಟಕ್ಕೆ ಹೋಗುತ್ತಿರಲಿಲ್ವಾ? ನಮ್ಮ ಮಾಣಿ ಮೊನ್ನೆ ಕೂರಿಸಿಕೊಂಡು ಹೇಳಿದ. 1980ರ ದಶಕದ ನಡುವೆ ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ ಪಂಕ್ ಅನ್ನುವ ಗದ್ದಲದ ರಾಕ್ ಹಾಡುವ ಹುಡುಗರಿಂದ ಶುರುವಾದದ್ದಂತೆ ಈ ಎಮೋ. ಸರ್ಕಾರಕ್ಕೆ ಬೈಯುವುದು ಬಿಟ್ಟು ತಮ್ಮ ಮನಸ್ಸಿನ ನೋವನ್ನೇ ಕೂಗಿ ಹಾಡಿದರಂತೆ. ನಾನೂ ಕೇಳಿದೆ. ಗಿಟಾರು ಮೆತ್ತಗೆ ಶುರುವಾಗಿ, ಆಮೇಲೆ ಇದ್ದಕ್ಕಿದ್ದ ಹಾಗೆ ಕಿರುಚಾಟ. ಪಾಪ, ಏನು ಸಂಕಟವೋ.

ನನ್ನ ತಕರಾರು ಹಾಡಿನದ್ದಲ್ಲ, ಸ್ಪೀಕರಿನದ್ದು. ನಾವು ಹುಬ್ಬಳ್ಳಿಯಲ್ಲಿದ್ದಾಗ ಚೌತಿಗೆ ಆರ್ಕೆಸ್ಟ್ರಾ ಇಟ್ಟಿದ್ದರಲ್ಲ, ನಿಮಗೆಲ್ಲ ಗೊತ್ತಿದ್ದದ್ದೇ. ಹೆಂಗಸರಿಗೆ ಅಂತ ಹಗ್ಗ ಕಟ್ಟಿದ ಜಾಗಕ್ಕೆ ತಾಗಿಸಿ ಆಳೆತ್ತರದ ಡಬ್ಬ ನಿಲ್ಲಿಸಿದ್ದರು. ಸ್ವಲ್ಪ ಆಚೆ ಸರಿಸಪ್ಪ ಅಂದರೆ, 'ಹಿಂದಿನವರಿಗೂ ಕೇಳಬೇಕಲ್ವಾ ಅಕ್ಕಾ' ಅಂದ ಮೈಕಿನವ. ಡ್ರಮ್ಮಿಗೆ ಏಟು ಬಿದ್ದಾಗಲೆಲ್ಲ ನನ್ನ ಸೀರೆಯ ನೆರಿಗೆ ಅದುರುತ್ತಿತ್ತು. ಮನೆಗೆ ಬಂದರೆ ಎಡಗಿವಿಯಲ್ಲಿ ಕುಂಯ್ ಅಂತ ಒಂದೇ ಸಮ ಶಬ್ದ. ಬೆಳಿಗ್ಗೆ ಹೋಗುತ್ತದೆ ಅಂದರು ಎಲ್ಲರೂ. ಹೋಗಲೇ ಇಲ್ಲ. ಈಗ ಮಾತಾಡುವಾಗಲೂ ಇದೆ.

ಕಿವಿ ಡಾಕ್ಟರು ಲೆಕ್ಕ ಹೇಳಿದ್ದರು. 85 ಡೆಸಿಬಲ್ ಶಬ್ದವನ್ನು 8 ಗಂಟೆ ತಡೆದುಕೊಳ್ಳಬಹುದು. ಮೂರು ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧರ್ಧ. 100ಕ್ಕೆ ಬರುವಾಗ ಬರೀ 15 ನಿಮಿಷ. ರಾಕ್ ಶೋಗಳಲ್ಲಿ ಅಷ್ಟು ಸಾಮಾನ್ಯ. ಒಳಗಿವಿಯ ಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸ್ಪೀಕರ್ ಹತ್ತಿರ ನಿಲ್ಲಬೇಡ ಅಂತ ಹೇಳು ಅವಳಿಗೆ.

ನಿಮಗೆಲ್ಲ ಇದು ತಮಾಷೆ. ದೊಡ್ಡಮ್ಮನಿಗೆ ಕೇಳುವುದಿಲ್ಲ ಅಂತ ನನ್ನ ಎದುರಿಗೇ ಮಾತಾಡುತ್ತೀರಿ, ಬಲಗಿವಿ ಚೆನ್ನಾಗಿಯೇ ಇದೆ. ಕಳೆದ ವರ್ಷದ ಉಪನಯನದಲ್ಲಿ ನನ್ನನ್ನು ಪಂಕ್ತಿಯ ಬಲತುದಿಗೆ ಕೂರಿಸಿದಿರಿ. ತೊಡದೇವು ಅನ್ನುವ ಸಿಹಿ ಬಡಿಸುವವನು ಎಡಗಡೆಯಿಂದ ಬಂದು ಏನೋ ಕೇಳಿದನಂತೆ, ನಾನು ಸುಮ್ನೆ ಇದ್ದೆನಂತೆ, ಮುಂದೆ ಹೋಗಿಬಿಟ್ಟ. ಆಮೇಲೆ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಅಂತ ಶಿರಸಿಯೆಲ್ಲ ಸುದ್ದಿ! ವಿಚಾರಿಸಲು ಫೋನು ಬೇರೆ. ಯಾರು ಹಬ್ಬಿಸಿದ್ದು ಅಂತ ನನಗೆ ಗೊತ್ತಿದೆ, ಅವರೂ ಈ ಗ್ರೂಪಿನಲ್ಲೇ ಇದ್ದಾರೆ. ಒಂದು ತೊಡದೇವು ತಂದುಕೊಡುವವರು ಮಾತ್ರ ಯಾರೂ ಇರಲಿಲ್ಲ.

ಇರಲಿ. ಕೂಸಿಗೆ ಹೇಳು, ಸ್ಪೀಕರ್ ಹತ್ತಿರ ನಿಲ್ಲಬಾರದು, ಗೆಳತಿಯರು ಎಳೆದರೂ ಹೋಗಬಾರದು. ಔಷಧಿ ಅಂಗಡಿಯಲ್ಲಿ ಫೋಮಿನ ಇಯರ್‌ಪ್ಲಗ್ ಸಿಗುತ್ತದೆ, ಹತ್ತಿ ಸಾಲದು. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು ಒಳಗೆ ಹಾಕಬೇಕು. ಉಬ್ಬುವ ತನಕ ಬೆರಳು ತೆಗೆಯಬಾರದು.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಬಯಲಿನ ಶೋ ಆದರೆ ರಾತ್ರಿ 10ಕ್ಕೆ ಮೈಕು ಬಂದ್ ಮಾಡಬೇಕು, ಕಾನೂನು ಹಾಗಿದೆ. ಜನ ಹೊರಗೆ ಬರುವಾಗ ಇನ್ನೂ ತಡ. ಶಿರಸಿ ಕಡೆಯ ರಾತ್ರಿ ಬಸ್ಸು ಬಹುತೇಕ ಅಷ್ಟು ಹೊತ್ತಿಗೆ ಹೊರಟಿರುತ್ತದೆ, ನಮಗೆ ರೈಲಂತೂ ಇಲ್ಲ. ಅವಳು ಅದೇ ರಾತ್ರಿಗೆ ಟಿಕೆಟ್ ಮಾಡಿಸಿದ್ದಾಳೆ ಅಂತ ಬರೆದಿದ್ದೀಯಲ್ಲ, ಇವತ್ತೇ ಮರುದಿನಕ್ಕೆ ಬದಲಾಯಿಸು. ಆ ರಾತ್ರಿ ಭಾವನ ಮನೆಯಲ್ಲಿ ಉಳಿಯಲಿ. ಕರೆದುಕೊಂಡು ಬರಲು ಯಾರು ಹೋಗುತ್ತಾರೆ ಅಂತ ಭಾವ ಇಲ್ಲೇ ತಿಳಿಸಲಿ.