ಹಾಸ್ಟೆಲ್ ತುಂಬ ಜ್ವರ, ಊರಿಗೆ ಹೋಗಲೇ?

ಪ್ರಶ್ನೆ (ಪಾವಗಡದ ಹುಡುಗಿ):
ತುಮಕೂರಿನ ಹಾಸ್ಟೆಲ್‌ನಲ್ಲಿದ್ದೇನೆ. ಕೊಠಡಿಯಲ್ಲಿ ನಾಲ್ವರು, ಮೂವರಿಗೆ ಫ್ಲೂ. ರಾತ್ರಿಯಿಡೀ ಕೆಮ್ಮಿನ ಜುಗಲ್‌ಬಂದಿ. ನಿನ್ನೆ ಸಂಜೆಯಿಂದ ನನಗೂ ಮೈಕೈ ನೋವು, 102 ಡಿಗ್ರಿ ಜ್ವರ. ಮೆಸ್‌ನ ಮುದ್ದೆ ಕಂಡರೆ ಮುಖ ತಿರುಗುತ್ತದೆ (ಜ್ವರವಿಲ್ಲದಾಗಲೂ ಅಷ್ಟೇ, ಬಿಡಿ). ಅಮ್ಮ ಬಸ್ ಹತ್ತಿ ಬಾ ಎನ್ನುತ್ತಾಳೆ. ಮನೆಯಲ್ಲಿ 78ರ ಅಜ್ಜಿ ಇದ್ದಾರೆ. ಹೋಗಲೇ?

ಹಳೆಯ ಹಾಸ್ಟೆಲಿಗ:
ಬೇಡ ತಂಗಿ. ಲಕ್ಷಣ ಕಾಣುವ ಹಿಂದಿನ ದಿನದಿಂದ ಸುಮಾರು 5-7 ದಿನ ಸೋಂಕು ಹರಡುತ್ತದೆ. 65 ದಾಟಿದವರಿಗೆ ಅಪಾಯ ಹೆಚ್ಚು. ಇಂದೇ ವೈದ್ಯರನ್ನು ಕಾಣು. ಅವರು ಒಸೆಲ್ಟಾಮಿವಿರ್ (ಫ್ಲೂ ವೈರಸ್ಸಿಗೆ ಕೊಡುವ ಔಷಧಿ) ಬರೆದುಕೊಟ್ಟರೆ, ಮೊದಲ 48 ಗಂಟೆಯೊಳಗೆ ಆರಂಭಿಸಿದರೇ ಹೆಚ್ಚು ಪ್ರಯೋಜನ. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಕಾಯಲೇಬೇಡ.

ಶಿರಾದವನು:
ನಾನು ಹೋದ ವರ್ಷ ಯಾರನ್ನೂ ಕೇಳದೆ ಆ್ಯಂಟಿಬಯೋಟಿಕ್ ನುಂಗಿದೆ. ವೈರಸ್ಸಿಗೆ ಅದು ನಾಟುವುದೇ ಇಲ್ಲವಂತೆ! ದುಡ್ಡೂ ಹೋಯಿತು, ಹೊಟ್ಟೆಯೂ ಕೆಟ್ಟಿತು. ರಾಗಿ ಅಂಬಲಿ ಕುಡಿಯಿರಿ, ಕಿಟಕಿ ತೆರೆದಿಡಿ, ಮಾಸ್ಕ್ ಹಾಕಿಕೊಳ್ಳಿ. ನೀರಿನ ಲೋಟವನ್ನು ಮಾತ್ರ ಯಾರಿಗೂ ಕೊಡಬೇಡಿ.

ಪಾವಗಡದ ಹುಡುಗಿ:
ವೈದ್ಯರ ಬಳಿ ಹೋಗಿಬಂದೆ, ಮಾತ್ರೆ ಶುರುವಾಗಿದೆ. "ಗುಣವಾದ ಮೇಲೆ ಬಾ" ಎಂದು ಅಜ್ಜಿಯೇ ಫೋನ್ ಮಾಡಿದರು. ಅಮ್ಮ ಇನ್ನೂ ಮುನಿಸಿಕೊಂಡಿದ್ದಾಳೆ.