ಸೆಕೆಗೆ ಹಂದಿಗಳಿಗೆ ಮಿನರಲ್ ಪುಡಿ ಕೊಡಬೇಕಾ?

ಹೊಸ ಶೆಡ್: ಸೆಕೆ ಶುರುವಾದಾಗಿನಿಂದ ನಮ್ಮ ಹಂದಿಗಳು ಫೀಡ್ ಅರ್ಧಕ್ಕೇ ಬಿಡುತ್ತಿವೆ. ಮಧ್ಯಾಹ್ನ ಪೂರ್ತಿ ಏದುಸಿರು. ಸೆಲೆನಿಯಂ, ಜಿಂಕ್, ಕ್ರೋಮಿಯಂ ಇರುವ ಪುಡಿ ಬೆರೆಸಿ ಅಂತ ಒಬ್ಬರು ಹೇಳಿದರು. ಕೊಟ್ಟವರು ಯಾರಾದರೂ ಇದ್ದೀರಾ?

ಫೀಡ್ ಮಿಕ್ಸರ್: ಧೈರ್ಯವಾಗಿ ಕೊಡಿ. ಹಂದಿಗೆ ನಮ್ಮ ಹಾಗೆ ಬೆವರಿ ಮೈ ತಣಿಸಿಕೊಳ್ಳಲು ಆಗುವುದಿಲ್ಲ, ಅದಕ್ಕೇ ರಕ್ತ ಚರ್ಮದ ಕಡೆ ಜಾಸ್ತಿ ಹರಿದು ಕರುಳಿಗೆ ಕಮ್ಮಿಯಾಗುತ್ತದೆ, ಕರುಳಿನ ಒಳಪದರ ಸಡಿಲವಾಗಿ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೋರುತ್ತದೆ. ಆ ಪದರ ಗಟ್ಟಿಯಾಗಿರಲು ಜಿಂಕ್ ಬೇಕು. ಸೆಲೆನಿಯಂ, ವಿಟಮಿನ್ ಇ ಜೀವಕೋಶಗಳನ್ನು ಕಾಯುತ್ತವೆ.

ಶೆಡ್ ಅಕ್ಕ: ಪುಡಿ ಆಮೇಲೆ, ಮೊದಲು ನೀರು ನೋಡಿ. ಹಂದಿ ನೀರು ಕುಡಿಯುವ ಪೈಪಿನ ನಿಪ್ಪಲ್ ಒತ್ತಿ ಹಿಡಿದು 1 ನಿಮಿಷ ಬಕೆಟ್‌ಗೆ ಬಿಡಿ. ಹಾಲೂಡಿಸುವ ತಾಯಿ ಹಂದಿಗೆ ಸುಮಾರು 2 ಲೀಟರ್ ಬರಬೇಕು. ಪೈಪ್ ಬಿಸಿಲಲ್ಲಿ ಬಿದ್ದಿದ್ದರೆ ಬಿಸಿನೀರು ಬರುತ್ತದೆ, ಅದನ್ನು ಅವು ಸರಿಯಾಗಿ ಕುಡಿಯುವುದಿಲ್ಲ.

ಫೀಡ್ ಮಿಕ್ಸರ್: ನೀರು ಬೇಡ ಅಂತ ನಾನೆಲ್ಲಿ ಹೇಳಿದೆ ಅಕ್ಕ? ಫೀಡ್ ಕಮ್ಮಿ ತಿಂದರೆ ಮಿನರಲ್ ಕೂಡ ಕಮ್ಮಿ ಹೋಗುತ್ತದೆ ಅಲ್ವಾ? ಅದನ್ನು ನೀರು ತುಂಬಿಕೊಡುವುದಿಲ್ಲ.

ಪಶುವೈದ್ಯೆ: ಆ ಮಾತು ಸರಿ. ಆದರೆ ಸೆಲೆನಿಯಂ ವಿಷಯದಲ್ಲಿ ಧೈರ್ಯ ಬೇಡ. ಕಿಲೋ ಫೀಡ್‌ಗೆ 0.3 ಮಿಲಿಗ್ರಾಂ ಸಾಕು, 5 ದಾಟಿದರೆ ವಿಷ: ಕೂದಲು ಉದುರುತ್ತದೆ, ಗೊರಸು ಬಿಡುತ್ತದೆ, ಕಾಲು ಸ್ವಾಧೀನ ತಪ್ಪಬಹುದು. ರೆಡಿ ಫೀಡ್‌ನಲ್ಲಿ ಸಾಮಾನ್ಯವಾಗಿ ಇದು ಮೊದಲೇ ಬೆರೆತಿರುತ್ತದೆ. ಚೀಲದ ಮೇಲಿನ ಚೀಟಿ ಓದದೆ ಇನ್ನೊಂದು ಪುಡಿ ಸುರಿಯಬೇಡಿ. ಕ್ರೋಮಿಯಂ ಇನ್ಸುಲಿನ್ ಕೆಲಸಕ್ಕೆ ನೆರವಾಗುತ್ತದೆ, ಆದರೆ ಸೆಕೆಯಲ್ಲಿ ಅದರ ಫಲ ಎಲ್ಲ ಕಡೆ ಒಂದೇ ತರ ಕಂಡಿಲ್ಲ.

ಹೊಸ ಶೆಡ್: ಎಲೆಕ್ಟ್ರೋಲೈಟ್, ಅಂದ್ರೆ ಸೋಡಿಯಂ, ಪೊಟ್ಯಾಸಿಯಂ ತರದ ಲವಣಗಳ ಪುಡಿ, ನೀರಿಗೆ ಹಾಕಬಹುದಾ ಡಾಕ್ಟ್ರೇ?

ಪಶುವೈದ್ಯೆ: ಹಾಕಬಹುದು. ಏದುಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ, ಮೂತ್ರದಲ್ಲಿ ಪೊಟ್ಯಾಸಿಯಂ ಹೋಗುತ್ತದೆ. ಆದರೆ ಪಕ್ಕದಲ್ಲೇ ಬರೀ ನೀರೂ ಇರಲಿ. ಹೊಟ್ಟೆಗೆ ಉಪ್ಪು ಹೋಗುತ್ತಿದ್ದು ಕುಡಿಯುವ ನೀರು ನಿಂತರೆ ಮೆದುಳು ಊದಿ ಸೆಳೆತ ಬರುತ್ತದೆ, ಹಂದಿ ಸಾಯಲೂಬಹುದು. ಇದನ್ನು ಸುಮ್ನೆ ಹೆದರಿಸಲು ಹೇಳುತ್ತಿಲ್ಲ.

ಶೆಡ್ ಅಕ್ಕ: ಫೀಡ್ ಹಾಕುವ ಹೊತ್ತೂ ಬದಲಿಸಿ. ಜೀರ್ಣವಾಗುವಾಗಲೂ ಮೈ ಬಿಸಿಯಾಗುತ್ತದೆ. ಬೆಳಗಿನ ಜಾವ ಒಮ್ಮೆ, ಸಂಜೆ ತಂಪಾದ ಮೇಲೆ ಒಮ್ಮೆ ಹಾಕಿ.

ಫೀಡ್ ಮಿಕ್ಸರ್: ಅದನ್ನು ಒಪ್ಪುತ್ತೇನೆ. ಆದರೂ ಪುಡಿ ಕೊಡುವುದಾದರೆ ಸೆಕೆ ಏರುವ ಮೊದಲೇ ಶುರುಮಾಡಿ, ಏದುಸಿರು ಬಂದ ದಿನವೇ ಹಾಕಿ ಸಂಜೆಗೆ ಫಲ ಹುಡುಕಬೇಡಿ. ಚೀಟಿಯ ಫೋಟೋ ಇಲ್ಲಿ ಹಾಕಿ, ಡಾಕ್ಟ್ರು ನೋಡಲಿ.