ಬಾವಿಯಲ್ಲಿ ಸಿಕ್ಕ ಪಟ್ಟೆ ಪಟ್ಟೆ ಬಂಡೆ ಗ್ರಾನೈಟಾ?

ತೋಟದಮನೆ:
ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. ಈ ಬೇಸಿಗೆ ಬಾವಿ ಆಳ ಮಾಡಿಸಲು ಹೊರಟೆ. ಜಂಬಿಟ್ಟಿಗೆ ಮುಗಿಯಿತು, ಜೇಡಿಯೂ ಮುಗಿಯಿತು. ಆಮೇಲೆ ಹಾರೆ ಹಾಕಿದರೆ ಟಣ್ ಅಂತ ಸದ್ದು. ಬಾವಿ ತೋಡುವವರು ಕೂಲಿ ಎಣಿಸಿಕೊಂಡು ಹೋದರು.

ತೆಂಗಿನಕಾಯಿ ಗಾತ್ರದ ಒಂದು ತುಂಡು ತಂದು ತೊಳೆದೆ. ಬೂದು ಬಿಳಿ ಮೈ. ಮಧ್ಯೆ ಕರೀ ಅಭ್ರಕದ ಗೆರೆ, ಎಲ್ಲಾ ಒಂದೇ ದಿಕ್ಕಿಗೆ ಮಲಗಿದೆ. ಒಂದು ಕಡೆ ಗೆರೆ ಸೀರೆ ನೆರಿಗೆ ಹಾಗೆ ಮಡಚಿದೆ. ಅಂಗಡಿಯ ಗುಲಾಬಿ ಗ್ರಾನೈಟಿನ ಹಾಗೆ ಇಲ್ಲವೇ ಇಲ್ಲ. ಇದೇನು ಮಾರಾಯ್ರೆ?

ಹೊಳೆದಂಡೆ:
ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನೀವು ಹೇಳಿದ್ದು ನೈಸ್ ಬಂಡೆಯ ಲಕ್ಷಣ, ಅಂದರೆ ಶಾಖ, ಒತ್ತಡಕ್ಕೆ ಸಿಕ್ಕಿ ಪಟ್ಟೆ ಮೂಡಿದ ಕಲ್ಲು. 1916ರಲ್ಲಿ ಭೂವಿಜ್ಞಾನಿ ಸ್ಮೀತ್ ನಮ್ಮ ಕಡೆಯ ಈ ಕಲ್ಲಿಗೆ ಪೆನಿನ್ಸುಲರ್ ನೈಸ್ ಅಂತ ಹೆಸರಿಟ್ಟರು. ಬೆಂಗಳೂರಿನ ಲಾಲ್‌ಬಾಗ್ ಗುಡ್ಡವೂ ಇದೇ. ನಮ್ಮ ಪಶ್ಚಿಮ ಭಾಗದಲ್ಲಿ ಇದರ ವಯಸ್ಸು ಹೆಚ್ಚಾಗಿ 300ರಿಂದ 340 ಕೋಟಿ ವರ್ಷ.

ಗುಲಾಬಿ ಬಣ್ಣ ಹೆಚ್ಚಾಗಿ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಅನ್ನುವ ಖನಿಜದ್ದು. ಇದರಲ್ಲಿ ಸೋಡಿಯಂ ಜಾಸ್ತಿ, ಪೊಟ್ಯಾಸಿಯಂ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಟೋನಲೈಟ್, ಟ್ರಾಂಡ್‌ಜೆಮೈಟ್, ಗ್ರಾನೊಡಯೊರೈಟ್ ಅನ್ನುತ್ತಾರೆ. ಗ್ರಾನೈಟಿನ ದಾಯಾದಿಗಳು ಅಂದುಕೊಳ್ಳಿ.

ತೋಟದಮನೆ:
ಅಷ್ಟು ಹಳೆಯ ಕಾಲದಲ್ಲಿ ಇದಕ್ಕೆ ಸಾಮಾನು ಎಲ್ಲಿಂದ ಬಂತು?

ಹೊಳೆದಂಡೆ:
ಬಸಾಲ್ಟ್. ಲಾವಾ ಆರಿ ಆದ ಕಪ್ಪು ಕಲ್ಲು ಅದು. ನೀರು ಕುಡಿದ ಬಸಾಲ್ಟ್ ಕೆಳಗೆ ಹೋಗಿ ಅರೆಬರೆ ಕರಗಿತು. ಒಣ ಬಸಾಲ್ಟ್ ಕರಗಲು 1100 ಡಿಗ್ರಿಗಿಂತ ಜಾಸ್ತಿ ಬೇಕು, ನೀರಿದ್ದರೆ ಕಡಿಮೆ ಸಾಕು.

ಬೆಣ್ಣೆ ಕಾಯಿಸಿದ್ದು ನೆನಪಿಸಿಕೊಳ್ಳಿ. ತುಪ್ಪ ಬಸಿದ ಮೇಲೆ ತಳದಲ್ಲಿ ಗಸಿ ಉಳಿಯುತ್ತದಲ್ವಾ? ಇಲ್ಲಿ ಕರಗದೆ ಉಳಿದ ಗಸಿಯಲ್ಲಿ ಗಾರ್ನೆಟ್ ಅನ್ನುವ ಖನಿಜ ಇರುತ್ತದೆ. ಅದು ಯಿಟ್ರಿಯಂ, ಯಿಟರ್ಬಿಯಂ ಅನ್ನುವ ಎರಡು ಧಾತುಗಳನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಮೇಲೆ ಬಂದ ಕಲ್ಲಿನಲ್ಲಿ ಅವು ತೀರಾ ಕಡಿಮೆ ಇದ್ದರೆ ತಳದಲ್ಲಿ ಗಾರ್ನೆಟ್ ಇತ್ತು ಅಂತ ಲೆಕ್ಕ. ಗಾರ್ನೆಟ್ ಇರಬೇಕಾದರೆ ಭಾರೀ ಒತ್ತಡ ಬೇಕು, ಅಂದರೆ ಕರಗಿದ್ದು ಸುಮಾರು 35-40 ಕಿಲೋಮೀಟರ್ ಅಥವಾ ಇನ್ನೂ ಆಳದಲ್ಲಿ. ತಳ ನೋಡದೆ ತಳದ ಸುದ್ದಿ ಹೇಳುವ ಈ ಉಪಾಯ ನನಗೆ ಬಹಳ ಇಷ್ಟ.

ಕಲ್ಲುಕುಟಿಗ:
ಒಂದು ತಕರಾರು. "ಕೆಳಗೆ ಹೋಗಿ" ಅಂತ ಸಲೀಸಾಗಿ ಹೇಳಿಬಿಟ್ಟಿರಿ. ಜಗಳ ಇರುವುದೇ ಅಲ್ಲಿ. ಸಾಗರದ ತಳದ ಪದರ ಇನ್ನೊಂದರ ಅಡಿಗೆ ಜಾರಿತು ಅನ್ನುವವರು ಕೆಲವರು. ಲಾವಾ ಪೇರಿಸಿ ಪೇರಿಸಿ ದಪ್ಪವಾದ ಹೊರಪದರದ ಬುಡವೇ ಕರಗಿತು ಅನ್ನುವವರು ಇನ್ನು ಕೆಲವರು. ಗಾರ್ನೆಟ್ ಆಳ ಹೇಳುತ್ತದೆ, ಹೋದ ದಾರಿ ಹೇಳಲ್ಲ.

ಹೊಳೆದಂಡೆ:
ಒಪ್ಪಿದೆ. ಗುಲಾಬಿ ಗ್ರಾನೈಟ್ ಹೆಚ್ಚಾಗಿ ಆಮೇಲಿನದು, ಇಂಥ ಹಳೇ ನೈಸ್ ಮತ್ತೆ ಕರಗಿದಾಗ ಹುಟ್ಟುವಂಥದ್ದು. ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು.

ತೋಟದಮನೆ:
ನನ್ನ ತುಂಡಿನ ವಯಸ್ಸು ನೋಡಿಸಬಹುದಾ?

ಕಲ್ಲುಕುಟಿಗ:
ಪುಡಿ ಮಾಡಿ, ಅಕ್ಕಿ ಗಾಳಿಸಿದ ಹಾಗೆ ಗಾಳಿಸಿ ಜಿರ್ಕಾನ್ ಹರಳು ಹೆಕ್ಕಬೇಕು. ಅದು ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಬಿಟ್ಟುಕೊಳ್ಳಲ್ಲ. ಈಗ ಇರುವ ಸೀಸ ಯುರೇನಿಯಂ ವಿಕಿರಣ ಸೂಸುತ್ತಾ ಕ್ಷಯಿಸಿ ಆದದ್ದು. ಎರಡನ್ನೂ ಅಳೆದರೆ ವಯಸ್ಸು ಸಿಗುತ್ತದೆ.

ತೋಟದಮನೆ:
ಪುಡಿ ಮಾಡೋ ಹಾಗಿಲ್ಲ. ಅಮ್ಮ ಮಾವಿನಮಿಡಿ ಉಪ್ಪಿಗೆ ಹಾಕಿ, ಭಾರಕ್ಕೆ ಅದನ್ನೇ ಮೇಲಿಟ್ಟಾಗಿದೆ.